ಪುಟ್ಟಿಗೆ, ನಿಕೋಸಿಯದ ಆ ಕಡೆಗೆ

ಪುಟ್ಟೀ,

ನೀನು ಹೊರಟು ಆರು ದಿನವಾಯಿತು. ವಿಮಾನ ನಿಲ್ದಾಣದಲ್ಲಿ ನೀನಂದ ಮಾತು ಇನ್ನೂ ಕಿವಿಯಲ್ಲೇ ಇದೆ. "ಎಂಟು ವರ್ಷ ಆ ಊರಲ್ಲಿದ್ದೆ. ಗೋಡೇದು ಒಂದು ಫೋಟೋನಾದ್ರೂ ತಂದ್ಯಾ ಅಪ್ಪಾ?" ನಾನು ಸುಮ್ನೆ ಟ್ರಾಲಿ ತಳ್ಳಿದೆ. ಹೋಗಿ ಬಾ ಅಂತಲೂ ಅನ್ನಲಿಲ್ಲ.

ಕ್ಯಾಮೆರಾ ಕೆಟ್ಟಿರಲಿಲ್ಲ ಕಣೆ. ಅವತ್ತು ಫೋನಲ್ಲಿ ಸುಳ್ಳು ಹೇಳಿದ್ದೆ.

2007ನೇ ಇಸವಿ. ನಿನಗೆ ನಾಲ್ಕು ವರ್ಷ. ನಾನು ಸೈಪ್ರಸ್‌ನ ರಾಜಧಾನಿ ನಿಕೋಸಿಯದಲ್ಲಿ, ದಕ್ಷಿಣದ ಗ್ರೀಕರ ಕಡೆ, ಬೇಕರಿ ಕೆಲಸದಲ್ಲಿದ್ದೆ. ಫೋನ್ ಮಾಡಿದಾಗಲೆಲ್ಲ "ಗೋಡೆ ನಮ್ಮನೆಯಷ್ಟು ಎತ್ತರಾನಾ?" ಅಂತ ಕೇಳುತ್ತಿದ್ದೆ. ಊರು ಎರಡು ಭಾಗವಾಗಿದ್ದರೂ ಅಲ್ಲಿ ಬರ್ಲಿನ್ನಿನಂಥ ಗೋಡೆ ಇಲ್ಲ. ಹಳೇ ಊರಿನ ಬೀದಿ ಹೋಗ್ತಾ ಹೋಗ್ತಾ ತಟ್ಟನೆ ನಿಂತುಬಿಡುತ್ತೆ. ಅಡ್ಡಕ್ಕೆ ಟಾರ್ ಡ್ರಮ್ಮು, ಮರಳಿನ ಚೀಲ, ಮುಳ್ಳುತಂತಿ. ಅದರಾಚೆ ಪಾಳುಬಿದ್ದ ಮನೆಗಳು, ವಿಶ್ವಸಂಸ್ಥೆಯ ಸೈನಿಕರು. ಇನ್ನೂ ಆಚೆ, ಉತ್ತರಕ್ಕೆ, ಟರ್ಕಿಯವರ ಕಡೆ.

ಬೆಳಗ್ಗೆ ಸೈಕಲ್ಲಿನಲ್ಲಿ ಬ್ರೆಡ್ಡು ಹಾಕಿ ಬರುವಾಗ ಎರಡು ಡ್ರಮ್ಮಿನ ಸಂದಿಯಲ್ಲಿ ಅಂಜೂರದ ಗಿಡ ಕಂಡಿತು. ಎಳೆ ಎಲೆ, ಮೇಲೆಲ್ಲ ಧೂಳು. ಇದನ್ನೇ ಪುಟ್ಟಿಗೆ ತೋರಿಸೋಣ ಅಂತ ಕ್ಯಾಮೆರಾ ಎತ್ತಿದೆ. ಕಾವಲಿನ ಹುಡುಗ ಕೂಗುತ್ತಾ ಬಂದ. ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ ಅವನಿಗೆ. ರೀಲನ್ನು ಎಳೆದು ಬಿಸಿಲಿಗೆ ಹಿಡಿದ. ಅದರಲ್ಲಿ ನಿನ್ನ ಹುಟ್ಟುಹಬ್ಬಕ್ಕೆ ಬೇಕರಿಯಲ್ಲಿ ನಾನೇ ಮಾಡಿದ ಕೇಕಿನ ಫೋಟೋ ಇತ್ತು. ಮೇಲೆ ಕನ್ನಡದಲ್ಲಿ ನಿನ್ನ ಹೆಸರು ಬರೆದಿದ್ದೆ. ಒತ್ತಕ್ಷರ ಕ್ರೀಮಿನಲ್ಲಿ ಬರೆಯೋಕೆ ಎಷ್ಟು ಕಷ್ಟ ಗೊತ್ತಾ? ನಾನು "ಸಾರಿ ಸರ್, ಸಾರಿ ಸರ್" ಅಂತ ನಿಂತಿದ್ದೆ. ನನ್ನ ಅರ್ಧ ವಯಸ್ಸಿನ ಹುಡುಗನಿಗೆ. ಅದನ್ನು ನಿನಗೆ ಹೇಗೆ ಹೇಳಲಿ?

ಮುಂದಿನ ಏಪ್ರಿಲ್‌ನಲ್ಲಿ ಆ ಕಡೆಗೆ ದಾಟೋಕೆ ಲೆಡ್ರಾ ಬೀದಿಯ ದಾರಿ ತೆರೆದರು. ಜನ ಹೋಗಿ ಬಂದರು. ಆ ಕಡೆಯ ಸೆಲಿಮಿಯೆ ಮಸೀದಿಯ ಎರಡು ಮಿನಾರು ನನ್ನ ಕೋಣೆಗೇ ಕಾಣುತ್ತಿದ್ದವು, ಆಜಾನ್ ಕೇಳುತ್ತಿತ್ತು. ನಡೆದರೆ ಹತ್ತು ನಿಮಿಷ. ನಾನು ಹೋಗಲೇ ಇಲ್ಲ. ವಾಪಸ್ ಬಿಡದಿದ್ದರೆ, ಕೆಲಸ ಹೋದರೆ, ನಿನ್ನ ಫೀಸು?

ಈಗ ನೀನು ಓದೋಕೆ ಅಂತ ಆ ಕಡೆಗೇ ಹೋಗಿದ್ದೀಯ. ಸಿಟ್ಟು ಬಂದಿದ್ದು ಅದಕ್ಕೇ. ಹೆಮ್ಮೆನೂ ಇದೆ, ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಹೇಳ್ತಿದ್ದೀನಿ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಶಾಂತಿಪಡೆ ನಡೆಸುತ್ತಾ 1965ರಲ್ಲಿ ತೀರಿಕೊಂಡಿದ್ದು ಸೈಪ್ರಸ್‌ನಲ್ಲೇ ಅಂತ ಸೇರಿಸಿದೆ. ನಿಮ್ಮಮ್ಮ ಬೈದಳು, ಸಾಯೋ ಮಾತು ಯಾಕೆ ಅಂತ.

ಒಂದು ಮಾತು ಕೇಳು. ನೀನು ಇಸ್ತಾಂಬುಲ್ ಮೇಲೆ ಉತ್ತರಕ್ಕೆ ಇಳಿದವಳು. ದಕ್ಷಿಣದವರ ಲೆಕ್ಕದಲ್ಲಿ ಅದು ಕಾನೂನಿನ ದಾರಿಯೇ ಅಲ್ಲ. ಉತ್ತರವನ್ನು ಬೇರೆ ದೇಶ ಅಂತ ಟರ್ಕಿ ಬಿಟ್ಟು ಯಾರೂ ಒಪ್ಪಿಲ್ಲ. ನಮ್ಮ ಹೈಕಮಿಷನ್ ಇರೋದು ಅದೇ ಊರಲ್ಲಿ, ಆದರೆ ಗೆರೆಯ ಈಚೆ, ದಕ್ಷಿಣದಲ್ಲಿ. ಪಾಸ್‌ಪೋರ್ಟ್ ಕಳೆದರೆ ಏನ್ ಮಾಡ್ತೀಯ? ಏಜೆಂಟ್ ಕೈಗೆ ಕೊಡಬೇಡ. ಫ್ರೆಂಡ್ಸ್ ಕರೆದರು ಅಂತ ಚೆಕ್‌ಪೋಸ್ಟ್ ಹತ್ತಿರ ಹೋಗಬೇಡ. ರಾತ್ರಿ ಒಬ್ಬಳೇ... ಸರಿ, ಶುರುವಾಯ್ತು ಅಪ್ಪನ ಪುರಾಣ ಅಂತೀಯ, ಬಿಟ್ಟೆ.

ಎರಡೂ ಕಡೆಯ ಚರಂಡಿ ನೀರು ಮಾತ್ರ ನಿನ್ನ ಕಡೆಯ ಒಂದೇ ಘಟಕಕ್ಕೆ ಹೋಗುತ್ತೆ, ಗೊತ್ತಾ? ಅದಕ್ಕೆ ವೀಸಾ ಬೇಡ.

ಮಹಡಿ ಹತ್ತಿದರೆ ಮಿನಾರುಗಳ ದಕ್ಷಿಣಕ್ಕೆ ನೋಡು. ಹೆಂಚಿನ ಮನೆಗಳ ನಡುವೆ ಎಲ್ಲೋ ನನ್ನ ಕೋಣೆ ಇತ್ತು. ಫೋಟೋ ತೆಗೀಬೇಡ. ಭಾನುವಾರ ಫೋನಲ್ಲಿ ಹೇಳು ಸಾಕು.

ಹೋಗಿ ಬಾ ಪುಟ್ಟಿ.

ಅಪ್ಪ