ಗೋಡೆ ಸುಮ್ನೆ ನಿಂತಿಲ್ಲ: ಹಾಸನದ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಹೋದ ವರ್ಷ ನಮ್ಮೂರಿನ ಮೂರಂತಸ್ತಿನ ಮನೆಯೊಂದರ ಮಾಲೀಕರು ನನ್ನನ್ನು ಕರೆಸಿದ್ದರು. ಕೆಳಗಿನ ಮನೆಯನ್ನು ಅಂಗಡಿ ಮಾಡಬೇಕು, ಗೋಡೆಗಳನ್ನೆಲ್ಲ ತೆಗೆಸಿಕೊಡಿ ಎಂದರು. ನಾನು ಒಪ್ಪಲಿಲ್ಲ. "ಪಿಲ್ಲರ್ ಇದೆಯಲ್ಲ ಸರ್, ಗೋಡೆ ಸುಮ್ನೆ ಮರೆಗೆ ಅಲ್ವಾ?" ಎಂದು ಕೇಳಿದರು. ಮುಂದಿನ ವಾರ ಬೇರೆ ಮೇಸ್ತ್ರಿ ಬಂದು ಎರಡೇ ದಿನದಲ್ಲಿ ಒಡೆದು ಹಾಕಿದ. ಯಾರ ಅನುಮತಿಯೂ ಬೇಕಾಗಲಿಲ್ಲ. ಈಗ ಕೆಳಗೆ ಅಂಗಡಿ, ಮೇಲೆ ಎರಡು ಸಂಸಾರ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೇಲಿನ ಭಾರವನ್ನು ಪಿಲ್ಲರ್ ಹೊರುತ್ತದೆ, ನಿಜ. ಆದರೆ ಭೂಕಂಪದಲ್ಲಿ ನೆಲ ಅಡ್ಡಡ್ಡ ಅಲುಗಿದಾಗ ಲೆಕ್ಕವೇ ಬೇರೆ. ಚಪ್ಪರ ಹಾಕುವಾಗ ನಾಲ್ಕು ಕಂಬ ನೆಟ್ಟರೆ ಸಾಲದು, ಓರೆಗೆ ಒಂದು ಬೊಂಬು ಕಟ್ಟುತ್ತೇವೆ. ಇಲ್ಲದಿದ್ದರೆ ಚಪ್ಪರ ವಾಲುತ್ತದೆ. ಪಿಲ್ಲರ್ ಮತ್ತು ಬೀಮ್ ನಡುವಿನ ಇಟ್ಟಿಗೆ ಗೋಡೆ ಮಾಡುವುದೂ ಅದೇ ಕೆಲಸ. ಚೌಕಟ್ಟು ವಾಲಲು ಹೋದಾಗ ಗೋಡೆ ಮೂಲೆಯಿಂದ ಮೂಲೆಗೆ ಒತ್ತಿಕೊಂಡು ತಡೆಯುತ್ತದೆ. ಆದರೂ ನಮ್ಮಲ್ಲಿ ಡಿಸೈನ್ ಮಾಡುವಾಗ ಹೆಚ್ಚಾಗಿ ಗೋಡೆಯ ತೂಕವನ್ನಷ್ಟೇ ಹಾಕುತ್ತಾರೆ, ಬಲವನ್ನಲ್ಲ.

ಹಾಗಂತ ಗೋಡೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲ್ಲ. ಎಲ್ಲಿದೆ, ಎಲ್ಲಿಲ್ಲ ಎಂಬುದೇ ಮುಖ್ಯ. ಮೇಲಿನ ಮಹಡಿಗಳಲ್ಲಿ ಗೋಡೆ ತುಂಬಿ, ಕೆಳಗೆ ಕಾರು ನಿಲ್ಲಿಸಲು ಬರೀ ಪಿಲ್ಲರ್ ಬಿಟ್ಟರೆ ಮೇಲಿನದೆಲ್ಲ ಒಂದೇ ಪೆಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಅಲುಗಾಟವೆಲ್ಲ ಕೆಳಗಿನ ಪಿಲ್ಲರ್‌ಗಳ ಮೇಲೆ ಬೀಳುತ್ತದೆ. 2001ರ ಜನವರಿ 26ರಂದು ಭುಜ್‌ನಲ್ಲಿ ಭೂಕಂಪವಾದಾಗ ಇನ್ನೂರು ಕಿಲೋಮೀಟರ್‌ಗೂ ದೂರದ ಅಹಮದಾಬಾದಿನಲ್ಲಿ ಇಂಥ ಅಪಾರ್ಟ್‌ಮೆಂಟ್‌ಗಳು ಕುಸಿದವು.

ಹಾಸನಕ್ಕೆ ಭೂಕಂಪ ಎಲ್ಲಿ ಬರುತ್ತದೆ ಎನ್ನುವವರಿದ್ದಾರೆ. 2022ರ ಜೂನ್‌ನಲ್ಲಿ ಹೊಳೆನರಸೀಪುರ ತಾಲ್ಲೂಕಿನಲ್ಲಿ ಬೆಳಗಿನ ಜಾವ ನೆಲ ನಡುಗಿತ್ತು. ಅದು ಸಣ್ಣದು, 3.4 ತೀವ್ರತೆಯದು. ಆದರೆ 1993ಕ್ಕೆ ಮೊದಲು ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯನ್ನೂ ಭೂಕಂಪದ ಭಯ ತೀರಾ ಕಡಿಮೆ ಇರುವ ಜಾಗ ಎಂದೇ ಭಾವಿಸಿದ್ದರು. ಆ ವರ್ಷದ ಭೂಕಂಪದಲ್ಲಿ ಅಲ್ಲಿ ಸಾವಿರಾರು ಜನ ಸತ್ತರು.

ನನಗೆ ಇನ್ನೂ ಹೆಚ್ಚು ಹೆದರಿಕೆ ಶಾಲೆಗಳದ್ದು. ಗಾಳಿ ಬೆಳಕಿಗೆಂದು ಪಿಲ್ಲರ್‌ಗಳ ನಡುವೆ ಅರ್ಧ ಗೋಡೆ ಕಟ್ಟಿ, ಮೇಲೆ ಉದ್ದಕ್ಕೂ ಕಿಟಕಿ ಬಿಡುತ್ತಾರೆ. ನೋಡಲು ಚೆಂದ. ಆದರೆ ಗೋಡೆ ಪಿಲ್ಲರ್‌ನ ಕೆಳಭಾಗವನ್ನು ಬಿಗಿ ಹಿಡಿಯುತ್ತದೆ. ಬಾಗಬಹುದಾದ ಉದ್ದ ಅರ್ಧಕ್ಕಿಳಿದರೆ ಪಿಲ್ಲರ್‌ನ ಬಿಗಿತ ಎಂಟು ಪಟ್ಟು ಆಗುತ್ತದೆ. ಬಿಗಿಯಾದದ್ದು ಹೆಚ್ಚು ಬಲವನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಆಗ ಪಿಲ್ಲರ್ ಕಿಟಕಿಯ ಮಟ್ಟದಲ್ಲಿ ಓರೆಯಾಗಿ ಸೀಳುತ್ತದೆ. ಕೋಣೆ ತುಂಬ ಮಕ್ಕಳಿರುವ ಜಾಗ ಅದು.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ನೀವೇ. ಹಾಗಾಗಿ ನಿಮ್ಮನ್ನೇ ಕೇಳುತ್ತಿದ್ದೇನೆ. ನಕ್ಷೆಗೆ ಅನುಮತಿ ಕೊಡುವ ಸ್ಥಳೀಯ ಸಂಸ್ಥೆಗಳಿಗೆ ಒಂದು ಸೂಚನೆ ಕಳಿಸಿ. ಪಾರ್ಕಿಂಗ್‌ಗೆ ಕೆಳ ಅಂತಸ್ತು ಖಾಲಿ ಬಿಡುವವರು ಅಲ್ಲಿ ಕಾಂಕ್ರೀಟ್ ಗೋಡೆಗಳನ್ನೋ ಓರೆ ಆಸರೆಗಳನ್ನೋ ಹೇಗೆ ಕೊಟ್ಟಿದ್ದಾರೆ ಎಂದು ಡ್ರಾಯಿಂಗ್‌ನಲ್ಲಿ ತೋರಿಸಲಿ. ಕಟ್ಟಿದ ಮೇಲೆ ಗೋಡೆ ಒಡೆಯಬೇಕೆಂದರೆ ಎಂಜಿನಿಯರ್ ನೋಡಿ ಸಹಿ ಹಾಕಲಿ. ಪಿಲ್ಲರ್‌ನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳು ಅಲುಗಾಟಕ್ಕೆ ಬಿಚ್ಚಿಕೊಳ್ಳದಂತೆ ಅವುಗಳ ತುದಿಯನ್ನು 135 ಡಿಗ್ರಿಗೆ ಒಳಗೆ ಬಗ್ಗಿಸುವುದನ್ನು ಕಂಬಿ ಕಟ್ಟುವ ಬಾರ್ ಬೆಂಡರ್‌ಗಳಿಗೆ ಹೇಳಿಕೊಡಬೇಕು. ಒಂದು ದಿನದ ತರಬೇತಿ ಸಾಕು.

ಶಾಲೆಗಳ ಕೆಲಸ ಮಾತ್ರ ಕಾಯಬಾರದು. ಸಾಲಗಾಮೆ ರಸ್ತೆಯ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಒಂದೊಂದು ಶಾಲೆಗೆ ಹೋಗಿ ಅರ್ಧ ಗೋಡೆಯ ಪಿಲ್ಲರ್‌ಗಳನ್ನು ಪಟ್ಟಿ ಮಾಡಬಹುದು. ಕೆಲವು ಕಡೆ ಪಿಲ್ಲರ್ ಪಕ್ಕದ ಕಿಂಡಿಯನ್ನು ಮೇಲಿನವರೆಗೂ ಗೋಡೆ ಕಟ್ಟಿ ಮುಚ್ಚಿದರೆ ಆಗುತ್ತದೆ. ಕೆಲವು ಕಡೆ ಪಿಲ್ಲರ್‌ನ ಸುತ್ತ ಕಾಂಕ್ರೀಟ್ ಹಾಕಿ ಬಲಪಡಿಸಬೇಕಾಗುತ್ತದೆ. ಆ ಹುಡುಗರ ಜೊತೆ ನಾನೂ ಬರುತ್ತೇನೆ. ಸಂಬಳ ಬೇಡ, ಶಾಲೆಗಳ ಪಟ್ಟಿ ಕೊಡಿಸಿ.

ಇಂತಿ,
ಹಾಸನದ ಒಬ್ಬ ಸಿವಿಲ್ ಎಂಜಿನಿಯರ್