ಆ ಕಡೆಯ ಹುಡುಗರು

ಮಂಗಳೂರು
ಭಾನುವಾರ ಸಂಜೆ

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿದ್ದೆ, ಗದ್ದಲ ಜಾಸ್ತಿ ಇತ್ತು. "ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು ಅಂದವನ ಶಿಷ್ಯರು ನೀವು. ಮತ್ತೆ ಯುರೋಪಿನಲ್ಲಿ ಅಷ್ಟು ದೊಡ್ಡ ಯುದ್ಧಗಳನ್ನು ಮಾಡಿದವರೂ ನಿಮ್ಮವರೇ ಅಲ್ವಾ ಮಾರಾಯ?" ಅಂತ ನೀನು ಅಂದೆ. ಹೌದು, ನಮ್ಮವರೇ. ಆ ಮಾತು ನಾಲ್ಕು ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ. ಇವತ್ತು ಕೂತು ಬರೆಯುತ್ತಿದ್ದೇನೆ.

ನಮ್ಮ ಮನೆಯ ಮಾಡಿನ ಹೆಂಚು ನಿನಗೆ ನೆನಪಿರಬಹುದು. ತಿರುಗಿಸಿದರೆ ಬಾಸೆಲ್ ಮಿಷನ್ ಎಂಬ ಅಚ್ಚು ಕಾಣುತ್ತದೆ. ನನ್ನ ಮುತ್ತಜ್ಜ ಆ ಕ್ರೈಸ್ತ ಮಿಷನಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುತ್ತಿದ್ದವರು. ಮಿಷನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್, ಇಬ್ಬರೂ ಜರ್ಮನರು, ಇಬ್ಬರೂ ಇದೇ ಮಿಷನಿನವರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಇಲ್ಲಿದ್ದ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುಗಳಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಇಟ್ಟು, ಆಮೇಲೆ ಅವರ ದೇಶಕ್ಕೆ ಕಳಿಸಿದರು. ಹೆಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು. ಹಿಡಿದವರೂ ಕ್ರೈಸ್ತರು, ಸಿಕ್ಕಿಬಿದ್ದವರೂ ಕ್ರೈಸ್ತರು. ಭಾನುವಾರ ಇಬ್ಬರೂ ಹೇಳುತ್ತಿದ್ದದ್ದು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬ ಅದೇ ಪ್ರಾರ್ಥನೆ. ಆ "ನಮ್ಮ" ಅನ್ನುವುದರಲ್ಲಿ ಯಾರ್ಯಾರು ಸೇರುತ್ತಾರೆ ಎಂದು ಆಗ ಎಷ್ಟು ಜನ ಕೇಳಿಕೊಂಡರೋ.

ಆ ಯುದ್ಧದಲ್ಲಿ ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೆ "ದೇವರು ನಮ್ಮ ಜೊತೆ" ಎಂದು ಅಚ್ಚು ಹಾಕಿತ್ತು. 1914ರ ಅಕ್ಟೋಬರಿನಲ್ಲಿ ಆ ದೇಶದ 93 ಮಂದಿ ವಿದ್ವಾಂಸರು, ಕಲಾವಿದರು ಯುದ್ಧವನ್ನು ಸಮರ್ಥಿಸಿ ಹೇಳಿಕೆಗೆ ಸಹಿ ಹಾಕಿದರು. ಅವರಲ್ಲಿ ದೊಡ್ಡ ದೊಡ್ಡ ದೇವಶಾಸ್ತ್ರದ ಮೇಷ್ಟ್ರುಗಳೂ ಇದ್ದರು. ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯಲ್ಲಿ ಪಾಸ್ಟರ್ ಆಗಿದ್ದ ಕಾರ್ಲ್ ಬಾರ್ತ್ ಅಲ್ಲಿ ತನ್ನ ಗುರುಗಳ ಹೆಸರು ನೋಡಿದ. ಅವರು ಕಲಿಸಿದ್ದರ ಮೇಲೆಲ್ಲ ಅವನಿಗೆ ನಂಬಿಕೆ ಹೋಯಿತು. ಇಪ್ಪತ್ತು ವರ್ಷದ ನಂತರ, 1934ರಲ್ಲಿ, ಹಿಟ್ಲರನ ಜರ್ಮನಿಯ ಬಾರ್ಮೆನ್ ಎಂಬಲ್ಲಿ ಸೇರಿದ ಕ್ರೈಸ್ತ ಸಭೆಯವರು ಚರ್ಚಿಗೆ ಕ್ರಿಸ್ತನೇ ಒಡೆಯ, ಸರಕಾರ ಅಲ್ಲ ಎಂದು ಘೋಷಿಸಿದರು. ಅದರ ಮಾತುಗಳನ್ನು ಬರೆದವನು ಬಹುಪಾಲು ಈ ಬಾರ್ತನೇ.

ಆದರೆ ನಾನು ಹೇಳಬೇಕೆಂದಿರುವುದು ವಿದ್ವಾಂಸರ ಕತೆಯಲ್ಲ. ಅದೇ ಬಕಲ್ ಹಿಟ್ಲರನ ಸೈನ್ಯದಲ್ಲೂ ಮುಂದುವರಿಯಿತು. ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಲಾರೆ ಎಂದ ಒಬ್ಬ ರೈತನಿದ್ದ.

ಅವನ ಹೆಸರು ಫ್ರಾಂಟ್ಸ್ ಯೇಗರ್‌ಸ್ಟೆಟರ್. ಆಸ್ಟ್ರಿಯಾದ ಸೇಂಟ್ ರಾಡೆಗುಂಡ್ ಎಂಬ ಸಣ್ಣ ಹಳ್ಳಿಯವನು. ಹಿಟ್ಲರ್ ಹುಟ್ಟಿದ ಬ್ರೌನೌ ಊರೂ ಅದೇ ಜಿಲ್ಲೆಯದು. ಇವನು ಓದಿದ್ದು ಕಡಿಮೆ. ಹರೆಯದಲ್ಲಿ ಸ್ವಲ್ಪ ಒರಟ, ಹಳ್ಳಿಗೆ ಮೊದಲ ಮೋಟಾರ್ ಬೈಕ್ ತಂದವನು. ಫ್ರಾಂಟ್ಸಿಸ್ಕಾಳನ್ನು ಮದುವೆಯಾದ ಮೇಲೆ ಭಕ್ತಿ ಗಟ್ಟಿಯಾಯಿತು. ಮೂರು ಹೆಣ್ಣು ಮಕ್ಕಳಾದವು. ಹೊಲದ ಕೆಲಸದ ಜೊತೆ ಚರ್ಚಿನ ಗಂಟೆ ಹೊಡೆಯುವ, ಪೂಜೆಗೆ ಸಿದ್ಧ ಮಾಡುವ ಕೆಲಸವನ್ನೂ ಮಾಡುತ್ತಿದ್ದ. 1938ರಲ್ಲಿ ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸುವ ಮತದಾನ ನಡೆದಾಗ ಆ ಹಳ್ಳಿಯಲ್ಲಿ ಬೇಡ ಎಂದದ್ದು ಇವನೊಬ್ಬನೇ.

ಒಮ್ಮೆ ಸೈನ್ಯಕ್ಕೆ ಸೇರಿಸಿಕೊಂಡು ತರಬೇತಿಯನ್ನೂ ಕೊಟ್ಟಿದ್ದರು. ವಾಪಸ್ ಬಂದ ಮೇಲೆ, ಮತ್ತೆ ಕರೆದರೆ ಹಿಟ್ಲರನಿಗಾಗಿ ಬಂದೂಕು ಹಿಡಿಯುವುದಿಲ್ಲ ಎಂದು ನಿರ್ಧರಿಸಿದ. ಆಗ ಎಲ್ಲರೂ ಬುದ್ಧಿ ಹೇಳಿದರು. ಪಾದ್ರಿಗಳು ಹೇಳಿದರು. ಲಿಂಟ್ಸ್ ನಗರದ ಬಿಷಪ್ಪರನ್ನೇ ಹೋಗಿ ಕಂಡ. ಅವರ ಸಲಹೆಯೂ ಅದೇ: ನಿನ್ನ ಹೊಣೆ ಹೆಂಡತಿ ಮಕ್ಕಳದು, ಸರಕಾರ ಮಾಡುವ ಯುದ್ಧ ಸರಿಯೋ ತಪ್ಪೋ ಎಂಬ ಲೆಕ್ಕ ನಿನ್ನದಲ್ಲ. ಇದನ್ನು ಓದುವಾಗ ನನ್ನ ಹೊಟ್ಟೆ ತೊಳಸುತ್ತದೆ. ಹಿಟ್ಲರ್ ಏನು ಎಂಬುದು ಗೊತ್ತೇ ಇದೆ. ಆದರೆ ಇವನು ಬಾಗಿಲು ತಟ್ಟಿದ್ದು ತನ್ನ ಸಭೆಯದು. ಒಳಗಿದ್ದವರು, ನಿನ್ನ ಮನಸ್ಸಾಕ್ಷಿಯನ್ನು ಸರಕಾರಕ್ಕೆ ಒಪ್ಪಿಸಿಬಿಡು, ನಿನಗೆ ಪಾಪ ತಟ್ಟುವುದಿಲ್ಲ ಎಂದು ಸಮಾಧಾನ ಮಾಡಿ ಕಳಿಸಿದರು.

1943ರ ಮಾರ್ಚ್‌ನಲ್ಲಿ ಸೈನ್ಯದ ಠಾಣೆಗೆ ಹೋಗಿ ಆಗುವುದಿಲ್ಲ ಎಂದ. ಗಾಯಾಳುಗಳ ಸೇವೆ ಮಾಡುತ್ತೇನೆ, ಬಂದೂಕು ಬೇಡ ಎಂದು ಕೇಳಿಕೊಂಡ. ಅದು ನಡೆಯಲಿಲ್ಲ. ಬರ್ಲಿನ್ನಿನ ಸೇನಾ ನ್ಯಾಯಾಲಯ ಜುಲೈನಲ್ಲಿ ಮರಣದಂಡನೆ ಹೇಳಿತು. ಹೆಂಡತಿ ಊರಿನ ಪಾದ್ರಿಯ ಜೊತೆ ಅಷ್ಟು ದೂರ ಹೋದಳು. ಮಾತಾಡಲು ಸಿಕ್ಕಿದ್ದು ಇಪ್ಪತ್ತು ನಿಮಿಷ. ಬೇಡಿ ಹಾಕಿದ ಕೈಯಲ್ಲೇ ಅವನು ಕಾಗದ ಬರೆದ. ಕೈಗೆ ಬೇಡಿ ಬಿದ್ದರೂ ಪರವಾಗಿಲ್ಲ, ಮನಸ್ಸಿಗೆ ಬೀಳಬಾರದು ಎಂಬ ಅರ್ಥದ ಮಾತು ಅದರಲ್ಲಿದೆ. ಆಗಸ್ಟ್ 9ರಂದು ಬ್ರಾಂಡೆನ್‌ಬರ್ಗಿನಲ್ಲಿ ತಲೆ ಕಡಿದರು. ವಯಸ್ಸು 36.

ಯುದ್ಧ ಮುಗಿದ ಮೇಲೂ ಊರಿನ ಹಲವರು ಫ್ರಾಂಟ್ಸಿಸ್ಕಾಳ ಮೇಲೇ ತಪ್ಪು ಹೊರಿಸಿದರು, ಗಂಡನನ್ನು ಕೆಡಿಸಿದವಳು ಇವಳೇ ಎಂದು. ಸೈನಿಕರ ವಿಧವೆಯರಿಗೆ ಸಿಗುವ ಪಿಂಚಣಿ ಇವಳಿಗೆ 1950ರವರೆಗೆ ಸಿಗಲಿಲ್ಲ. 2007ರಲ್ಲಿ ಲಿಂಟ್ಸ್‌ನಲ್ಲಿ ಕಥೋಲಿಕ ಸಭೆ ಅವನನ್ನು ಪುನೀತನೆಂದು ಸಾರಿತು. ಆಗ ಅವಳಿಗೆ 94. ಅಲ್ಲೇ ಕೂತು ಕೇಳಿದಳು.

ಈಗ ನೀನು ಕೇಳುತ್ತೀಯ, ಹಾಗಾದರೆ ಹಿಟ್ಲರನನ್ನು ನಿಲ್ಲಿಸಿದ್ದು ಬಂದೂಕೇ ಅಲ್ವಾ ಎಂದು. ಹೌದು. ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಹಳೆಯ ಕಾಲದ ಕ್ರೈಸ್ತ ಗುರು ಆಗಸ್ಟೀನನ ಕಾಲದಿಂದಲೂ ನಮ್ಮವರು ನ್ಯಾಯದ ಯುದ್ಧ ಎಂದರೆ ಯಾವುದು ಎಂದು ವಾದ ಮಾಡುತ್ತಲೇ ಇದ್ದಾರೆ. ನನ್ನ ದೊಡ್ಡಪ್ಪ ಸೈನ್ಯದಲ್ಲಿದ್ದವರು. 1971ರಲ್ಲಿ ಪೂರ್ವದ ಗಡಿಯಲ್ಲಿದ್ದರು. ಅವರ ಪದಕದ ಬಗ್ಗೆ ನನಗೆ ಹೆಮ್ಮೆ ಇದೆ, ಇದನ್ನು ಸುಮ್ನೆ ಹೇಳುತ್ತಿಲ್ಲ. ಆದರೆ ಯುದ್ಧದ ಮಾತು ಬಂದರೆ ದೊಡ್ಡಪ್ಪ ಶತ್ರು ಎಂಬ ಪದವನ್ನೇ ಬಳಸುತ್ತಿರಲಿಲ್ಲ. "ಆ ಕಡೆಯ ಹುಡುಗರು" ಎನ್ನುತ್ತಿದ್ದರು.

1999ರ ಜೂನ್. ಕಾರ್ಗಿಲ್ ಯುದ್ಧದ ದಿನಗಳು. ಜೋರು ಮಳೆ, ಚರ್ಚಿನ ಹೆಂಚಿನ ಮೇಲೆ ಬೀಳುವ ಸದ್ದಿನಲ್ಲಿ ಪಾಸ್ಟರ್ ಅಯ್ಯನವರ ಅರ್ಧ ಪ್ರಸಂಗ ಕೇಳಿಸಲಿಲ್ಲ. ಸಭೆಯಲ್ಲಿ ನಮ್ಮ ಸೈನಿಕರಿಗಾಗಿ, ಜಯಕ್ಕಾಗಿ ಪ್ರಾರ್ಥನೆ ಆಯಿತು. ಎಲ್ಲರೂ ಆಮೆನ್ ಎಂದೆವು. ಆರಾಧನೆ ಮುಗಿದ ಮೇಲೆ ದೊಡ್ಡಪ್ಪ ಕೊಡೆ ಬಿಡಿಸದೆ ಬಾಗಿಲಲ್ಲೇ ನಿಂತರು. "ಅಯ್ಯನವರೇ, ಆ ಕಡೆಯ ಹುಡುಗರ ತಾಯಂದಿರಿಗೂ ಒಂದು ಮಾತು ಸೇರಿಸಿ" ಎಂದರು. ಪಕ್ಕದಲ್ಲಿದ್ದ ಒಬ್ಬರು, ಸೈನ್ಯದಲ್ಲಿದ್ದು ಬಂದವರು ಹೀಗಾ ಮಾತಾಡೋದು ಎಂದು ರೇಗಿದರು. ಅಯ್ಯನವರು ತಲೆಯಾಡಿಸಿದರು. ಮುಂದಿನ ಭಾನುವಾರ ಸೇರಿಸಲಿಲ್ಲ. ದೊಡ್ಡಪ್ಪ ಮತ್ತೆ ಕೇಳಲೂ ಇಲ್ಲ.

ಇವತ್ತು ಬೆಳಿಗ್ಗೆ ಪ್ರಾರ್ಥನೆ ನಡೆಸುವ ಸರದಿ ನನ್ನದಿತ್ತು. ಬರೆದುಕೊಂಡ ಚೀಟಿಯಲ್ಲಿ ದೇಶ, ಸರಕಾರ, ಗಡಿಯಲ್ಲಿರುವವರು, ಆಸ್ಪತ್ರೆಯಲ್ಲಿರುವವರು ಎಲ್ಲ ಇತ್ತು. ಕೊನೆಗೆ ಆ ಕಡೆಯವರನ್ನೂ ಸೇರಿಸಿದೆ. ತಾಯಂದಿರು ಎಂದೇ ಹೇಳಿದೆ. ಗಂಟಲು ಕಟ್ಟಿತು, ಒಂದು ಕ್ಷಣ ನಿಲ್ಲಿಸಬೇಕಾಯಿತು. ಆಮೆನ್ ಬಂತು, ಆದರೆ ಮೆಲ್ಲಗೆ, ಎಲ್ಲ ಸಾಲುಗಳಿಂದಲೂ ಅಲ್ಲ. ಹೊರಗೆ ಬಂದಾಗ ಇಬ್ಬರು ನನ್ನನ್ನು ಮಾತಾಡಿಸದೆ ಹೋದರು.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ರಜೆಗೆ ಬಂದಾಗ ಮನೆಗೆ ಬಾ, ಉಳಿದದ್ದನ್ನು ಕೂತು ಮಾತಾಡೋಣ.

ನಿನ್ನ ಗೆಳೆಯ