ಮಿಷನ್ ಆಮೇಲೆ, ಮೊದಲು ಮಾಸ್ಕ್

ಪ್ರೀತಿಯ ಅಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ವೆಲ್ಡಿಂಗ್ ಕಲಿಯುತ್ತೇನೆ ಅಂದೆಯಲ್ಲ, ಖುಷಿಯಾಯಿತು. ಆದರೆ ನೀನು ಕಳಿಸಿದ ಮಿಗ್ ಮಿಷನ್, ಅಂದರೆ ತಂತಿಯಿಂದ ಗ್ಯಾಸ್ ಬಿಟ್ಟು ಬೆಸೆಯುವ ಮಿಷನ್ನಿನ ಫೋಟೋ ನನಗೆ ಹಿಡಿಸಲಿಲ್ಲ. ಮಿಷನ್ ಕೆಟ್ಟದ್ದು ಅಂತಲ್ಲ, ನಿನ್ನ ಜಾಗಕ್ಕೆ ಅದು ಒಗ್ಗುವುದಿಲ್ಲ. ನಿನ್ನದು ಕೊಟ್ಟಿಗೆ ಪಕ್ಕದ ತೆರೆದ ಶೆಡ್ಡು. ನಿಮ್ಮ ಸಾಗರ ಊರಿನ ಮಳೆಗಾಲದ ಗಾಳಿಗೆ ಮಿಗ್‌ನ ಗ್ಯಾಸ್ ಹಾರಿಹೋದರೆ ಬೆಸುಗೆಯೊಳಗೆ ಸಣ್ಣ ಸಣ್ಣ ತೂತು ಬೀಳುತ್ತವೆ. ಸಿಲಿಂಡರ್ ತುಂಬಿಸುವ ಓಡಾಟ ಬೇರೆ. ನಿನಗೆ ರಾಡ್ ವೆಲ್ಡಿಂಗೇ ಸರಿ.

ಅದಕ್ಕೆ 200 ಆಂಪ್‌ನ ಸಿಂಗಲ್ ಫೇಸ್ ಇನ್ವರ್ಟರ್ ವೆಲ್ಡಿಂಗ್ ಮಿಷನ್ ಧಾರಾಳವಾಯಿತು. ಡಬ್ಬದ ಮೇಲಿನ ದೊಡ್ಡ ನಂಬರ್ ನೋಡಿ ಮರುಳಾಗಬೇಡ, ಮಿಷನ್ನಿಗೆ ಹೊಡೆದ ಪ್ಲೇಟ್ ಓದು. ಅಲ್ಲಿ ಡ್ಯೂಟಿ ಸೈಕಲ್ ಬರೆದಿರುತ್ತದೆ. 200 ಆಂಪ್‌ಗೆ 60% ಅಂತ ಇದ್ದರೆ, ಹತ್ತು ನಿಮಿಷದಲ್ಲಿ ಆರು ನಿಮಿಷ ಉರಿಸಿ ನಾಲ್ಕು ನಿಮಿಷ ತಣಿಯಲು ಬಿಡಬೇಕು ಅಂತ ಅರ್ಥ. ಗೇಟು, ಗ್ರಿಲ್ ಕೆಲಸಕ್ಕೆ 120 ಆಂಪ್ ದಾಟುವುದೇ ಅಪರೂಪ, ಹಾಗಾಗಿ ನಿನಗೆ ತೊಂದರೆಯಿಲ್ಲ. ಮನೆಯ ಸಣ್ಣ ಪಿನ್ ಸಾಕೆಟ್ಟಿಗೆ ಮಾತ್ರ ಚುಚ್ಚಬೇಡ. 16 ಆಂಪ್‌ನದ್ದು ಬೇಕು, ಎಕ್ಸ್‌ಟೆನ್ಷನ್ ವೈರ್ ದಪ್ಪಗಿರಬೇಕು. ಸಣಕಲು ವೈರಿನಲ್ಲಿ ವೋಲ್ಟೇಜ್ ಬಿದ್ದರೆ ಆರ್ಕ್, ಅಂದರೆ ರಾಡ್ ತುದಿಯ ಉರಿ, ನಿಲ್ಲುವುದಿಲ್ಲ, ನೀನು ಮಿಷನ್ನಿಗೆ ಬೈಯುತ್ತಾ ಕೂರುತ್ತೀಯ.

ಅಂದಹಾಗೆ, ದುಡ್ಡು ಮೊದಲು ಹೋಗಬೇಕಾದ್ದು ಮಿಷನ್ನಿಗಲ್ಲ, ಮಾಸ್ಕಿಗೆ. ತಾನಾಗಿ ಕಪ್ಪಾಗುವ ಗಾಜಿನದ್ದು ತಗೋ, ಶೇಡ್, ಅಂದರೆ ಗಾಜಿನ ಕಪ್ಪಿನ ಮಟ್ಟ, 10 ಅಥವಾ 11ಕ್ಕೆ ಇಡು. ಕೈಯಲ್ಲಿ ಹಿಡಿಯುವ ಕಪ್ಪು ಗಾಜಿನ ಹಲಗೆಯಲ್ಲಿ ಹೊಸಬರು ರಾಡ್ ತಾಗಿಸುವ ಜಾಗ ಕಾಣದೆ ಮುಖ ಹೊರಗೆ ಹಾಕುತ್ತಾರೆ. ಆ ಬೆಳಕಿನ ಪೆಟ್ಟು ಆಗಲೇ ಗೊತ್ತಾಗುವುದಿಲ್ಲ. ಗಂಟೆಗಟ್ಟಲೆ ಕಳೆದ ಮೇಲೆ, ಹೆಚ್ಚಾಗಿ ರಾತ್ರಿ, ಕಣ್ಣು ಉರಿದು ನೀರು ಸುರಿಯುತ್ತದೆ. ಆಲೂಗಡ್ಡೆ ಹೋಳು ಇಟ್ಟುಕೋ ಅನ್ನುವವರು ಸಿಗುತ್ತಾರೆ. ಕೇಳಬೇಡ, ಕಣ್ಣಿನ ಡಾಕ್ಟರ ಹತ್ತಿರ ಹೋಗು. ಚರ್ಮದ ಗ್ಲೌಸು, ಶೂ, ತುಂಬುತೋಳಿನ ಹತ್ತಿ ಶರ್ಟು ಬೇಕೇ ಬೇಕು. ಪಾಲಿಯೆಸ್ಟರ್ ಕರಗಿ ಮೈಗಂಟುತ್ತದೆ. ನೋಡಲು ಮಕ್ಕಳು ಬಂದು ನಿಂತರೆ ಕೆಲಸ ನಿಲ್ಲಿಸಿ ಓಡಿಸು.

ರಾಡ್ 6013 ನಂಬರಿನದು, 2.5 ಮಿ.ಮೀ. ದಪ್ಪದ್ದು ತಗೋ. ಮಲೆನಾಡಿನ ಥಂಡಿಗೆ ಬೇಗ ತೇವ ಹಿಡಿಯುತ್ತದೆ, ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡು. ಗುಜರಿ ಅಂಗಡಿಯಲ್ಲಿ 5 ಮಿ.ಮೀ. ದಪ್ಪದ ಪಟ್ಟಿ ತುಂಡುಗಳನ್ನು ತೂಕಕ್ಕೆ ಕೊಂಡು ಬಾ. ತೆಳು ಚೌಕ ಪೈಪಿನಲ್ಲಿ ಶುರು ಮಾಡಬೇಡ, ತೂತಾಗುತ್ತದೆ, ಮನಸ್ಸೂ ಮುರಿಯುತ್ತದೆ. ತುಕ್ಕು, ಪೇಂಟು ಉಜ್ಜಿ ತೆಗೆದು, ಅರ್ಥಿಂಗ್ ಕ್ಲಾಂಪನ್ನು (ಮಿಷನ್ನಿನ ಇನ್ನೊಂದು ವೈರಿನ ತುದಿಯ ಚಿಮಟ) ಹೊಳೆಯುವ ಕಬ್ಬಿಣಕ್ಕೇ ಕಚ್ಚಿಸು. 75-80 ಆಂಪ್ ಇಟ್ಟು ನೋಡು. ರಾಡ್ ತುದಿಗೂ ಕಬ್ಬಿಣಕ್ಕೂ ರಾಡಿನ ದಪ್ಪದಷ್ಟೇ ಅಂತರ. ಸರಿಯಾಗಿದ್ದರೆ ಎಣ್ಣೆಯಲ್ಲಿ ಬೋಂಡ ಕರಿದ ಹಾಗೆ ಒಂದೇ ಸಮನೆ ಸದ್ದು ಬರುತ್ತದೆ. ಅಂಟಿಕೊಂಡರೆ ಗಾಬರಿಯಾಗದೆ ಪಕ್ಕಕ್ಕೆ ತಿರುವಿ ಕೀಳು.

ಕಣ್ಣು ಉರಿಯ ಮೇಲಲ್ಲ, ಅದರ ಹಿಂದೆ ಕರಗಿ ನಿಂತ ಕಬ್ಬಿಣದ ಮೇಲಿರಲಿ. ಅದರಲ್ಲೊಂದು ಹೊಳೆಯುವ ಭಾಗ, ಹಿಂದಿನಿಂದ ಮಂಕಾಗಿ ಹರಿದು ಬರುವ ಸ್ಲ್ಯಾಗ್, ಅಂದರೆ ರಾಡಿನ ಲೇಪ ಕರಗಿದ ಕಿಟ್ಟ. ಮೊದಮೊದಲು ಎರಡೂ ಒಂದೇ ಅನಿಸುತ್ತದೆ. ಸ್ಲ್ಯಾಗ್ ಮುಂದೆ ನುಗ್ಗಿದರೆ ಬೆಸುಗೆಯೊಳಗೆ ಸಿಕ್ಕಿಕೊಳ್ಳುತ್ತದೆ, ಆಗ ರಾಡಿನ ತುದಿ ಹಿಂದಿನ ಕರಗಿದ ಕಬ್ಬಿಣದ ಕಡೆ ನೋಡುವ ಹಾಗೆ ಸ್ವಲ್ಪ ವಾಲಿಸು. ಎರಡು ಪಟ್ಟಿಯನ್ನು ಟಿ ಆಕಾರಕ್ಕೆ ಒಂದೇ ಕಡೆ ಬೆಸೆದು, ತಣಿದ ಮೇಲೆ ಸುತ್ತಿಗೆಯಿಂದ ಬಡಿದು ಮುರಿ. ಮೇಲೆ ಚೆಂದ ಕಂಡ ಸಾಲಿನ ಒಳಗೆ ಕಪ್ಪು ಚೂರು ಇದ್ದರೆ, ಕಬ್ಬಿಣದ ಅಂಚು ಕರಗದೆ ಹಾಗೇ ಉಳಿದಿದ್ದರೆ, ಆ ಬೆಸುಗೆ ಸುಮ್ನೆ ಅಂಟಿಸಿದ್ದು ಅಷ್ಟೇ. ಮುರಿದಾಗ ಒಳಗೂ ಸರಿಯಾಗಿ ಕಾಣುವವರೆಗೆ ಗೇಟು ಮಾಡುವ ಆಸೆ ತಡೆದುಕೋ.

ಜಿಐ ಪೈಪಿನ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ, ಸತುವಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ, ಸದ್ಯಕ್ಕೆ ಮುಟ್ಟಬೇಡ. ಬೈಕಿನ ಪೆಟ್ರೋಲ್ ಟ್ಯಾಂಕು ಖಾಲಿ ಅಂತ ಯಾರು ತಂದುಕೊಟ್ಟರೂ ವಾಪಸ್ ಕಳಿಸು, ಒಳಗಿನ ಆವಿಯೇ ಸಿಡಿಯುತ್ತದೆ.

ಇದನ್ನೇ ಕಸುಬು ಮಾಡಿಕೊಳ್ಳುವುದಾದರೆ ಐಟಿಐ ವೆಲ್ಡರ್ ಕೋರ್ಸ್ ಒಂದೇ ವರ್ಷದ್ದು, ಯೋಚಿಸು. ನನ್ನ ಹತ್ತಿರ ಕಬ್ಬಿಣ ಬಿಗಿಹಿಡಿಯುವ ಹಳೆಯ ಬೆಂಚ್ ವೈಸ್ ಒಂದಿದೆ, ಬಂದಾಗ ಒಯ್ಯಿ. ಮುರಿದ ತುಂಡುಗಳನ್ನೂ ತಾ, ನೋಡೋಣ.

ನಿನ್ನ ಮಾವ